ದುಭಾಷಿಯ ಎರಡು ಬೆರಳು

ನಮ್ಮ ಯಜಮಾನರು ಬಲಗೈಯ ಎರಡು ಬೆರಳು ಎತ್ತಿದರೆ ಸಾಕು, ಊರಿನ ನ್ಯಾಯಾಲಯದಲ್ಲಿ ಎಂಥ ವಾಚಾಳಿ ಸಾಕ್ಷಿಯೂ ಬಾಯಿ ಮುಚ್ಚುತ್ತಿದ್ದ. ಅವರು ಅಲ್ಲಿ ದುಭಾಷಿಯಾಗಿದ್ದರು. ಸಾಕ್ಷಿಯ ಕನ್ನಡವನ್ನು ನ್ಯಾಯಾಧೀಶರಿಗೆ ಇಂಗ್ಲಿಷಿನಲ್ಲಿ, ನ್ಯಾಯಾಧೀಶರ ಇಂಗ್ಲಿಷನ್ನು ಸಾಕ್ಷಿಗೆ ಕನ್ನಡದಲ್ಲಿ ದಾಟಿಸುವುದು ಅವರ ಕೆಲಸ. 'ತಾಳು, ಇಷ್ಟನ್ನು ಮೊದಲು ಮುಟ್ಟಿಸುತ್ತೇನೆ' ಎನ್ನುವುದಕ್ಕೆ ಆ ಎರಡು ಬೆರಳು. ಮನೆಯಲ್ಲಿ ನಾನು ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿದರೆ ಅಲ್ಲಿಯೂ ಅವು ಮೇಲೇಳುತ್ತಿದ್ದವು. ನನಗೆ ಮೈಯೆಲ್ಲ ಉರಿಯುತ್ತಿತ್ತು.

"ನಾನೇನು ಕಟಕಟೇಲಿ ನಿಂತಿದೀನಾ?" ಎಂದು ರೇಗುತ್ತಿದ್ದೆ. ಅವರು ನಗುತ್ತಿದ್ದರು.

ಮಾತು ಕಡಿಮೆ ಅವರದು. "ಇಡೀ ದಿನ ಬೇರೆಯವರ ಮಾತಾಡಿ ಬರ್ತೀನಿ ಕಣೆ, ನನ್ನದು ಅಂತ ಏನೂ ಉಳಿದಿರಲ್ಲ" ಎನ್ನುತ್ತಿದ್ದರು. ಸಾಕ್ಷಿ 'ನಾನು' ಎಂದರೆ ದುಭಾಷಿಯೂ 'ನಾನು' ಎಂದೇ ಹೇಳಬೇಕಂತೆ. 'ಅವನು ಹೀಗೆನ್ನುತ್ತಾನೆ' ಎನ್ನುವ ಹಾಗಿಲ್ಲವಂತೆ. ಹಾಗಾಗಿ ಎಷ್ಟೋ ಕೊಲೆಗಳನ್ನು ನಾನೇ ಇಂಗ್ಲಿಷಿನಲ್ಲಿ ಒಪ್ಪಿಕೊಂಡಿದ್ದೇನೆ ಎಂದು ತಮಾಷೆ ಮಾಡುತ್ತಿದ್ದರು. ಸಾಕ್ಷಿ ಅತ್ತುಬಿಟ್ಟರೆ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಅಳೂಗೆ ತರ್ಜುಮೆ ಇಲ್ಲ. ಬೆರಳು ಎತ್ಕೊಂಡು ಕಾಯ್ತಾ ನಿಲ್ತೀನಿ" ಎಂದಿದ್ದರು.

ನಿವೃತ್ತರಾದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದವರು ಬಾಗಿಲ ಚೌಕಟ್ಟು ಹಿಡಿದು ಹಾಗೆಯೇ ಕುಸಿದರು. ಲಕ್ವ ಹೊಡೆದಿತ್ತು. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕೆಲವು ವಾರಗಳ ಮೇಲೆ ಅವರು ಬಾಯಿ ತೆರೆದು "ವಾಟರ್" ಎಂದಾಗ ನನಗೆ ಹಿಡಿಸಲಾರದಷ್ಟು ಸಂತೋಷ. ನೀರು ಕುಡಿಸುತ್ತ, "ಏನ್ರೀ, ದೊಡ್ಡ ದೊರೆ ಆಗ್ಬಿಟ್ರಾ?" ಎಂದು ಛೇಡಿಸಿದೆ. ಅವರು ನನ್ನ ತುಟಿಗಳನ್ನೇ ನೋಡಿದರು. ಪರದೇಶದವರ ಮಾತು ಕೇಳಿದ ಹಾಗಿತ್ತು ಆ ಮುಖ. ಕನ್ನಡ ಹೊರಟುಹೋಗಿತ್ತು, ಇಂಗ್ಲಿಷು ಮಾತ್ರ ಉಳಿದಿತ್ತು. ನಾನೋ, ಮೂರಕ್ಷರ ಕನ್ನಡ ಓದಿ ಮದುವೆಯಾದವಳು.

ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. "ಅಪರೂಪಕ್ಕೆ ಹೀಗಾಗುತ್ತೆ ಅಮ್ಮ. ಎರಡು ಭಾಷೆ ಬಲ್ಲೋರಿಗೆ ಒಂದು ಹೋಗಿ ಇನ್ನೊಂದು ಉಳಿಯುತ್ತೆ. ಆದ್ರೆ ಉಳಿದಿದ್ದೂ ಸವೀತಾ ಇದೆ. ಮಾತು ಇರೋವರೆಗೂ ಮಾತಾಡ್ಸಿ." ಆಮೇಲೆ ಪಕ್ಕದ ನರ್ಸಿನ ಕಡೆ ತಿರುಗಿ, "ಹಿಸ್ ಮೈಂಡ್ ವಾಂಡರ್ಸ್" ಎಂದರು.

ಅಷ್ಟು ಇಂಗ್ಲಿಷು ನನಗೂ ಗೊತ್ತು ಎಂದುಕೊಂಡೆ. ಮೈಂಡು ಎಂದರೆ ಮನಸ್ಸು. ವಂಡರ್ಫುಲ್ ಎಂದರೆ ಬಹಳ ಚೆನ್ನಾಗಿದೆ. ಮಾತು ಹೋದರೂ ಮನಸ್ಸು ಚೆನ್ನಾಗಿದೆಯಂತೆ! ಕಲ್ಲುಸಕ್ಕರೆ ಕಟ್ಟಿಕೊಂಡು ಎದುರುಮನೆಯ ಫ್ಲೋರಿನ್ ಟೀಚರ ಬಳಿಗೆ ಓಡಿದೆ. ಕಾನ್ವೆಂಟಿನಲ್ಲಿ ಇಂಗ್ಲಿಷು ಕಲಿಸಿ ಮನೆಯಲ್ಲಿದ್ದ ಒಂಟಿ ಹೆಂಗಸು. ಬಾಯಿ ಸ್ವಲ್ಪ ಜೋರು. ನಾನು ಹೇಳಿದ್ದನ್ನು ಕೇಳಿ ಅವರು ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಇಟ್ಟುಕೊಂಡರು.

"ವಂಡರ್ ಅಲ್ಲ ಕಣ್ರೀ, ವಾಂಡರ್. ಎರಡೂ ಬೇರೆ. ವಾಂಡರ್ ಅಂದ್ರೆ ಅಲೆದಾಡೋದು, ದಿಕ್ಕಿಲ್ದೆ."

ಅವರ ಜಗಲಿಯ ಮೇಲೆಯೇ ಕೂತೆ. ಆಗ ನನ್ನನ್ನು ಹಿಡಿದು ಅಲ್ಲಾಡಿಸಿದ್ದು ಒಂದೇ ಒಂದು ಪ್ರಶ್ನೆ. ಅದನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದೆ.

ನಮಗೆ ಮಕ್ಕಳಾಗಲಿಲ್ಲ. ಅತ್ತೆ ಮಗನಿಗೆ ಇನ್ನೊಂದು ಮದುವೆ ಮಾಡಲು ಹೊರಟು ಹುಡುಗಿಯನ್ನೂ ನೋಡಿ ಬಂದಿದ್ದರು. ಇವರು ಊಟದ ಎಲೆಯಿಂದ ತಲೆಯೆತ್ತದೆ "ಬೇಡಮ್ಮ" ಎಂದರು. ಅಷ್ಟೇ. ಅದು ನನ್ನ ಮೇಲಿನ ಪ್ರೀತಿಯೋ, ಕನಿಕರವೋ, ಇನ್ನೊಂದು ಸಂಸಾರದ ಗೋಜು ಯಾಕೆಂಬ ಸೋಮಾರಿತನವೋ, ನನಗೆ ಇವತ್ತಿಗೂ ತಿಳಿಯದು. ನಾನು ಜಗತ್ತಿನ ಮಾತನ್ನೆಲ್ಲ ಆಡಿದೆ, ಇದನ್ನು ಕೇಳಲು ಮಾತ್ರ ಹೆದರಿದೆ. ಮುದುಕರಾದ ಮೇಲೆ ಎಂದಾದರೂ ಕಾಫಿ ಕುಡಿಯುತ್ತ ಕೇಳಿದರಾಯಿತು ಎಂದುಕೊಂಡಿದ್ದೆ. ಈಗ ಮುದುಕರಾಗಿದ್ದೆವು, ಕಾಫಿಯೂ ಇತ್ತು, ನನ್ನ ಕನ್ನಡ ಅವರಿಗೆ ತಲುಪುತ್ತಿರಲಿಲ್ಲ.

"ನಂಗೆ ಇಂಗ್ಲಿಷ್ ಹೇಳ್ಕೊಡಿ ಟೀಚರ್" ಎಂದೆ. "ಎಲ್ಲಾ ಬೇಡ. ಸುಖವಾಗಿದೀರಾ ಅಂತ ಕೇಳೋಕೆ ಎಷ್ಟು ಬೇಕೋ ಅಷ್ಟು."

ಮಾರನೆಯ ದಿನದಿಂದ ಅವರ ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತ ನನ್ನ ಪಾಠ ನಡೆಯಿತು.

"ಹ್ಯಾಪಿ ಅನ್ನೋದು ಹುಟ್ಟುಹಬ್ಬಕ್ಕಲ್ವಾ?" ಎಂದು ಕೇಳಿದೆ.

"ಹುಟ್ಟುಹಬ್ಬದ್ದೇ ಅಲ್ಲ. ಕೇಳಿ. ಗ್ಲ್ಯಾಡ್ ಅಂದ್ರೆ ಆ ಹೊತ್ತಿನ ಖುಷಿ. ನೀವು ಕಲ್ಲುಸಕ್ಕರೆ ತಂದ್ರೆ ನಾನು ಗ್ಲ್ಯಾಡ್. ಹ್ಯಾಪಿ ಅದಕ್ಕಿಂತ ದೊಡ್ಡದು. ಕಂಟೆಂಟ್ ಅಂದ್ರೆ ಇನ್ನೇನೂ ಬೇಡ, ಇದೇ ಸಾಕು ಅನ್ನೋ ಸ್ಥಿತಿ."

ನನಗೆ ಬೇಕಾಗಿದ್ದದ್ದು ಆ ಮೂರನೆಯದೇ. ಆದರೆ ನಾಲಿಗೆಗೆ ಅದು ತೊಡರಿಕೊಳ್ಳುತ್ತಿತ್ತು. ಹ್ಯಾಪಿಯಲ್ಲೇ ಇರೋಣ ಎಂದರು ಟೀಚರು. "ನಿಮ್ಮ ಯಜಮಾನ್ರು ಸದಾನಂದರಾಯರು ಅಂತ ಹೆಸರಲ್ಲೇ ಇಟ್ಕೊಂಡಿದಾರೆ, ಅವರಿಗೆ ಆ ಮಾತು ಗೊತ್ತಾಗ್ದೆ ಇರುತ್ತಾ?" ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ.

ವಾಕ್ಯ ಕಟ್ಟುವಾಗ ಇಬ್ಬರಿಗೂ ಜಗಳವೇ ಆಯಿತು. "ವರ್ ಯೂ ಹ್ಯಾಪಿ ವಿತ್ ಮಿ ಅನ್ನಿ. ವರ್ ಅಂದ್ರೆ ಇಷ್ಟು ವರ್ಷ ಇದ್ರಾ ಅಂತ, ಹಿಂದಿನದು" ಎಂದರು.

"ಹಿಂದಿನದು ಅಂದ್ರೆ ಮುಗಿದುಹೋಗಿದ್ದಾ?"

"ಒಂಥರಾ ಹಾಗೇ."

"ನಂಗೆ ಬೇಡ. ಅವ್ರಿನ್ನೂ ಉಸಿರಾಡ್ತಿದಾರೆ ಟೀಚರ್. ಆರ್ ಅಂತ್ಲೇ ಹೇಳ್ಕೊಡಿ."

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡು ಹಾಗೆಯೇ ಹೇಳಿಕೊಟ್ಟರು.

ನಾನು ಒಂದು ಮಾತು ಕಲಿತು ಮನೆಗೆ ಬರುವಷ್ಟರಲ್ಲಿ ಅವರದು ಎರಡು ಕಳೆದಿರುತ್ತಿತ್ತು. ವಾಟರ್ ಹೋಯಿತು. ಎಡಗೈಯಿಂದ ಲೋಟ ತೋರಿಸತೊಡಗಿದರು. ನರ್ಸೆಂದು ತಿಳಿದು ನನ್ನನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು, ಆಮೇಲೆ ಅದೂ ಇಲ್ಲ. ಗಂಟೆಗಟ್ಟಲೆ ಎದುರಿನ ಗೋಡೆ ನೋಡುತ್ತ ಕೂತಿರುತ್ತಿದ್ದರು. ಕಾಫಿ ಕೊಟ್ಟು "ಗ್ಲ್ಯಾಡ್?" ಎಂದರೆ ಕಣ್ಣು ಗೋಡೆಯಿಂದ ಕದಲುತ್ತಿರಲಿಲ್ಲ. ಮನಸ್ಸು ಯಾವ ಬೀದಿಯಲ್ಲಿ ಅಲೆಯುತ್ತಿದೆಯೋ ಗೊತ್ತಿದ್ದರೆ ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಕೈ ಹಿಡಿದು ಕರೆತರುತ್ತಿದ್ದೆ.

ಒಂದು ಮಧ್ಯಾಹ್ನ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ಅವರು ನುಂಗುವುದನ್ನು ಮರೆತರು. ನಾನು ತಡೆಯಲಾರದೆ ಅವರ ಎರಡೂ ಭುಜ ಹಿಡಿದು ಅಲುಗಿಸಿ, "ನಾನ್ರೀ, ನಾನು! ನೋಡ್ರೀ ಇಲ್ಲಿ!" ಎಂದು ಕಿರುಚಿದೆ. ಅವರು ಹೆದರಿ ಎಡಗೈಯನ್ನು ಮುಖಕ್ಕೆ ಅಡ್ಡ ಹಿಡಿದರು. ನನ್ನ ಮೇಲೆ ಎಂದೂ ಕೈಯೆತ್ತದ ಮನುಷ್ಯ, ನಾನು ಹೊಡೆಯುತ್ತೇನೆಂದು ಹೆದರಿದ್ದರು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತುಬಿಟ್ಟೆ.

ಮುಖ ತೊಳೆದುಕೊಂಡು ಬಂದೆ. ಇನ್ನು ತಡಮಾಡಿದರೆ ಕೇಳಿಸಿಕೊಳ್ಳಲು ಅವರು ಇರುವುದಿಲ್ಲ ಎನಿಸಿತು. ಸ್ಟೂಲು ಎಳೆದು ಅವರೆದುರು ನೆಟ್ಟಗೆ ಕೂತೆ. ಟೀಚರು ಹೇಳಿಕೊಟ್ಟ ಹಾಗೆ ಒಂದೊಂದೇ ಮಾತನ್ನು ಬಿಡಿಸಿ, ಗಟ್ಟಿಯಾಗಿ ಕೇಳಿದೆ.

"ಆರ್ ಯೂ ಹ್ಯಾಪಿ ವಿತ್ ಮಿ?"

ಅವರ ಬೆನ್ನು ನೆಟ್ಟಗಾಯಿತು. ಕೋರ್ಟಿಗೆ ಹೊರಡುವ ದಿನಗಳಲ್ಲಿ ಹಾಗೆ ನಿಲ್ಲುತ್ತಿದ್ದರು. ಗೋಡೆಯಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿದರು. ಎಡಗೈ ಮೇಲೆದ್ದಿತು, ಎರಡು ಬೆರಳು ನೆಟ್ಟಗೆ ನಿಂತವು. ಆಮೇಲೆ, ಸತ್ತೇ ಹೋಯಿತೆಂದು ನಾನು ಕೈಬಿಟ್ಟಿದ್ದ ಆ ದನಿಯಲ್ಲಿ, ಕನ್ನಡದಲ್ಲಿ ಹೇಳಿದರು.

"ನನ್ನ ಜೊತೆ ಸುಖವಾಗಿದ್ದೀಯಾ? ಹೆದರ್ಕೋಬೇಡ. ಹೇಳಮ್ಮ."

ಅವರು ನನ್ನನ್ನು ಎಂದೂ ಅಮ್ಮ ಎಂದು ಕರೆದವರಲ್ಲ. ಅದು ಸಾಕ್ಷಿಗಳನ್ನು ಮಾತಾಡಿಸುವ ಮಾತು. ಅವರ ಲೆಕ್ಕದಲ್ಲಿ ಗೋಡೆಯ ಬಳಿ ಯಾರೋ ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಕೇಳಿದ್ದಾರೆ, ಇವರು ಅದನ್ನು ಕಟಕಟೆಯಲ್ಲಿ ನಿಂತ ಹೆಂಗಸಿಗೆ ಮುಟ್ಟಿಸುತ್ತಿದ್ದಾರೆ. ಇಷ್ಟು ತಿಳಿದರೂ 'ನನ್ನ ಜೊತೆ' ಎಂದದ್ದು ಅವರದೇ ಬಾಯಿ. ನಾನು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಅವರೇ ನನಗೆ ಕೇಳಿದ್ದರು.

"ಇದ್ದೆ ಕಣ್ರೀ" ಎಂದೆ. "ನಂಗೆ ಬೇರೇನೂ ಬೇಕಾಗಿರ್ಲಿಲ್ಲ. ನೀವಿದ್ರೆ ಸಾಕಾಗಿತ್ತು."

ಬೆರಳು ಎದ್ದವು. ಅವರು ಗೋಡೆಯ ಕಡೆ ತಿರುಗಿ ಮೆಲ್ಲಗೆ, "ಐ ವಾಸ್ ಕಂಟೆಂಟ್" ಎಂದರು. ನನ್ನ ನಾಲಿಗೆಗೆ ಬಾರದ ಆ ಮಾತನ್ನೇ ಹುಡುಕಿ ತೆಗೆದಿದ್ದರು.

"ನೀವು?" ಅವರ ಮೊಣಕಾಲು ಹಿಡಿದುಕೊಂಡೆ. "ನೀವು ಹೇಳ್ರೀ. ನೀವು ಸುಖವಾಗಿದ್ರಾ?"

"ಅಂಡ್ ಯೂ?" ಎಂದು ಅವರು ಗೋಡೆಗೆ ಮುಟ್ಟಿಸಿದರು. "ವರ್ ಯೂ ಹ್ಯಾಪಿ?" ಕೇಳಿ, ವಿನಯದಿಂದ ತಲೆ ಬಾಗಿಸಿ ಉತ್ತರಕ್ಕಾಗಿ ಕಾದರು. ಸುಣ್ಣ ಬಳಿದ ಗೋಡೆ ಅದು, ಏನು ಹೇಳೀತು? ಇನ್ನೂ ಕಾದರು. ಆಮೇಲೆ ನನ್ನ ಕಡೆ ತಿರುಗಿ, ನನಗೆ ತಲುಪಿಸಲು ತಮ್ಮಲ್ಲಿ ಏನೂ ಇಲ್ಲವೆಂಬಂತೆ ಮುಖ ಸಣ್ಣದು ಮಾಡಿಕೊಂಡರು.

ಅವರ ಬಾಯಿಂದ ಮಾತು ಬಂದದ್ದು ಅದೇ ಕೊನೆ. ಮುಂದಿನ ದಿನಗಳಲ್ಲಿ ನಾನು ಅದೇ ಸ್ಟೂಲಿನಲ್ಲಿ ಕೂತು ಅದೇ ವಾಕ್ಯವನ್ನು ಎಷ್ಟೋ ಸಲ ಹೇಳಿದೆ, ವರ್ ಎಂದೂ ಹೇಳಿದೆ, ಆರ್ ಎಂದೂ ಹೇಳಿದೆ. ಅವರ ಕೈ ಏಳಲಿಲ್ಲ.

ಆದರೆ ಆ ಮಧ್ಯಾಹ್ನ ಎದ್ದಿತ್ತು. ಅವರ ಮೊಣಕಾಲಿಗೆ ಹಣೆ ಒತ್ತಿ ನಾನು ಬಿಕ್ಕಿ ಬಿಕ್ಕಿ ಅತ್ತೆ. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ನೋಡಿದರೆ ಅವರು ನೆಟ್ಟಗೆ ಕೂತೇ ಇದ್ದರು. ನನ್ನ ಅಳು ಮುಗಿದು ಮಾತು ಬರಲೆಂದು, ಎರಡು ಬೆರಳು ಎತ್ತಿಕೊಂಡು ಕಾಯುತ್ತಿದ್ದರು.