ಎಣಿಕೆಯ ವಾರ

ನಾನು ಅಂಗೈಯೊಳಗೆ ಅಡಗುವ ಒಂದು ಎಣಿಕೆಯಂತ್ರ. ಹೊಟ್ಟೆಯಲ್ಲಿ ನಾಲ್ಕು ಅಂಕಿಚಕ್ರ, ತಲೆಯ ಮೇಲೊಂದು ಗುಂಡಿ. ಹುಟ್ಟಿದ ಕಾರ್ಖಾನೆಯಲ್ಲೇ ಸಾವಿರ ಸಲ ಒತ್ತಿ ನೋಡಿದ್ದರು; ಅಂದಿನಿಂದ ನನಗೆ ಸುಮ್ಮನೆ ಕೂರಲು ಬಾರದು.

ಲೋಕೋಪಯೋಗಿ ಇಲಾಖೆ ಸೇರಿದ ಮೇಲೆ ಯಮನಪ್ಪನ ಹೆಬ್ಬೆರಳೇ ನನ್ನ ಒಡೆಯ. ರಸ್ತೆ ಪಕ್ಕ ಕುಳಿತು ವಾರವಿಡೀ ವಾಹನ ಎಣಿಸುವುದು ಅವನ ಕೆಲಸ. ಯಾವ ರಸ್ತೆಗೆ ಎಷ್ಟು ಅನುದಾನ ಎಂದು ರಾಜಧಾನಿಯಲ್ಲಿ ಹಂಚುವವರು ರಸ್ತೆಯನ್ನು ನೋಡುವುದಿಲ್ಲ, ನನ್ನ ಅಂಕಿಯನ್ನು ನೋಡುತ್ತಾರೆ.

ಹಿರೇಕಣವಿಯಲ್ಲಿ ನಾವು ಕುಳಿತದ್ದು ಶಂಕ್ರವ್ವನ ಚಹಾದಂಗಡಿಯ ಮುಂದೆ. ಅಲ್ಲಿ ರಸ್ತೆಯೆಂದರೆ ಎರಡು ತಗ್ಗುಗಳ ನಡುವೆ ಉಳಿದ ಜಾಗ. ಬಸ್ಸುಗಳು ಹೆದರಿ ಬೇರೆ ದಾರಿ ಹಿಡಿದಿದ್ದವು. ಹೀಗೇ ಹೋದರೆ ಒಂದು ದಿನ ಅವಳ ಅಂಗಡಿ ಮುಚ್ಚಬೇಕು.

"ಎಷ್ಟಾತೋ ತಮ್ಮಾ?" ಎಂದಳು ಮೊದಲ ದಿನ ಸಂಜೆ.

"ಮುನ್ನೂರ ಹನ್ನೆರಡು. ಇಷ್ಟಕ್ಕ ತಗ್ಗಿಗೆ ಮಣ್ಣೂ ಬೀಳಂಗಿಲ್ಲ ಯಕ್ಕಾ."

"ಬಾಳ ಆದ್ರ?"

"ಬಾಳ ಆದ್ರ ಡಾಂಬರು, ಅಗಲ ರಸ್ತೆ."

ಮರುದಿನ ಊರಿನ ಟ್ರ್ಯಾಕ್ಟರುಗಳೆಲ್ಲ ಹೊರಟವು. ಹಳ್ಳದವರೆಗೆ ಹೋದವು, ತಿರುಗಿದವು, ಬಂದವು, ಮತ್ತೆ ಹೋದವು. ಬಸಣ್ಣನ ಹಸಿರು ಟ್ರ್ಯಾಕ್ಟರೊಂದನ್ನೇ ನಲವತ್ತೊಂದು ಸಲ ಎಣಿಸಿದೆ. ಬಂದದ್ದೇ ಮತ್ತೆ ಬಂತೆಂದು ತಡೆಯುವ ಚಕ್ರ ನನ್ನೊಳಗಿಲ್ಲ. ಯಮನಪ್ಪನೊಳಗಿತ್ತು.

"ಯಕ್ಕಾ, ಬಸಣ್ಣ ಏನ್ ಹೇರಾಕತ್ತಾನ?"

"ಗೊಬ್ಬರ."

"ಟ್ರೇಲಿ ಖಾಲಿ ಐತಲ್ಲ!"

"ನಿನಗ ಎಣಸಂತ ಹೇಳ್ಯಾರೋ, ಟ್ರೇಲಿಯೊಳಗ ಇಣಕಂತ ಹೇಳ್ಯಾರೋ? ಚಾ ಕುಡಿ."

ಕುಡಿದ. ಹೆಬ್ಬೆರಳು ನಿಲ್ಲಲಿಲ್ಲ. ವಾರದ ಕೊನೆಗೆ ನನ್ನ ಚಕ್ರಗಳು ಹತ್ತು ಸಾವಿರದ ಪೂರ್ತಿ ಒಂದು ಸುತ್ತು ಹಾಕಿ ಮತ್ತೆ ಸೊನ್ನೆ ದಾಟಿದ್ದವು. ನನಗಂತೂ ಹಬ್ಬ.

ಎರಡು ವರ್ಷದ ಮೇಲೆ ಅನುದಾನ ಬಂತು. ಶಂಕ್ರವ್ವ ಊರಿಗೆಲ್ಲ ಪುಕ್ಕಟೆ ಚಹಾ ಕೊಟ್ಟಳು. ಹಿಂದೆಯೇ ಸರ್ವೆಯವರು ಬಂದರು. "ಇಷ್ಟು ಗಾಡಿ ಈ ಊರೊಳಗ ಹಿಡಿಯಂಗಿಲ್ರಿ," ಎಂದರು. "ಅದಕ್ಕ ಬೈಪಾಸ್."

ಡಾಂಬರು ಊರಿನಿಂದ ಎರಡು ಕಿಲೋಮೀಟರು ಆಚೆ ಹಾದುಹೋಯಿತು. ಬಸ್ಸುಗಳೂ ಅದರ ಬೆನ್ನು ಹತ್ತಿದವು. ತಗ್ಗುಗಳು ಮಾತ್ರ ಊರಲ್ಲೇ ಉಳಿದವು.

ಆಮೇಲೆ ಎಣಿಸಲು ಕ್ಯಾಮೆರಾ ಬಂದು ನಾನು ಗುಜರಿಯಾದೆ. ಯಮನಪ್ಪ ನನ್ನನ್ನು ತಂದು ಶಂಕ್ರವ್ವನ ಮುಂದಿಟ್ಟ. ಮುಖ ಮಾತ್ರ ಎತ್ತಲಿಲ್ಲ.

"ಇದ್ರಾಗ ಏನ್ ಎಣಸ್ಲೋ, ನೊಣಾ?" ಎಂದಳು. ಆದರೂ ಇಟ್ಟುಕೊಂಡಳು.

ಈಗ ಸಕ್ಕರೆ ಡಬ್ಬಿಯ ಪಕ್ಕ ಇದ್ದೇನೆ. ದೂರದ ಬೈಪಾಸಿನಲ್ಲಿ ಲಾರಿ ಗುಂಯ್ ಎಂದಾಗಲೆಲ್ಲ ನನ್ನ ಗುಂಡಿ ತುರಿಸುತ್ತದೆ, ಒತ್ತುವವರಿಲ್ಲ. ಸಂಜೆ ಮಾತ್ರ ಹಸಿರು ಟ್ರ್ಯಾಕ್ಟರು ಬಂದು ನಿಲ್ಲುತ್ತದೆ. ಬಸಣ್ಣ ಚಹಾ ಕುಡಿದು ಹಳ್ಳದವರೆಗೆ ಹೋಗುತ್ತಾನೆ, ತಿರುಗುತ್ತಾನೆ, ಬಂದು ಇನ್ನೊಂದು ಚಹಾ ಕೇಳುತ್ತಾನೆ.

"ಇವತ್ತೆಷ್ಟು ಗಿರಾಕಿ, ಶಂಕ್ರವ್ವಾ?"

"ಐದು."

ಅದರಲ್ಲಿ ಮೂರು ಅವನೇ. ಅವಳಿಗೂ ಗೊತ್ತು. ಆದರೂ ಅವನು ಬಂದ ಪ್ರತಿ ಸಲವೂ ನನ್ನನ್ನೆತ್ತಿ ಒತ್ತುತ್ತಾಳೆ: ಚಟ್.