ಎಡಕ್ಕೆ ಹೊರಳಿದರೆ ಕೂಗುವ ಗಾಡಿ

ನಾನು ಒಂದು ಬಿಳಿ ಕಾರು. ನನ್ನನ್ನು ಓಡಿಸಿದವರ ಮುಖಗಳು ನನಗೆ ಅಷ್ಟಾಗಿ ನೆನಪಿಲ್ಲ, ಪಾದಗಳು ನೆನಪಿವೆ. ಕಾರಿಗೆ ಮನುಷ್ಯರು ತಿಳಿಯುವುದು ಪಾದದಿಂದ. ಬಾಯಲ್ಲಿ ನಗು ಇಟ್ಟುಕೊಂಡು ಕಾಲಲ್ಲಿ ಸಿಟ್ಟು ಒತ್ತುವವರನ್ನು ನಾನು ಕಂಡಿದ್ದೇನೆ.

ಹುಟ್ಟಿದ್ದು ಉದ್ದನೆಯ ಒಂದು ಶೆಡ್ಡಿನಲ್ಲಿ. ಒಂದು ಬಾಗಿಲಿನಿಂದ ಬರೀ ತಗಡಾಗಿ ಹೊಕ್ಕವನು ಇನ್ನೊಂದು ಬಾಗಿಲಿನಿಂದ ಕಾರಾಗಿ ಹೊರಬಿದ್ದೆ. ಬಾಗಿಲ ಬಳಿ ಕೂತಿದ್ದ ಹುಡುಗಿಯೊಬ್ಬಳು ನನ್ನ ಹಾರ್ನ್ ಒತ್ತಿ ನೋಡಿ, ಕಾಗದದ ಮೇಲೆ ಗೀಟು ಎಳೆದಳು. ಅದೇ ನನ್ನ ಮೊದಲ ಅಳು.

ಮೊದಲು ನನ್ನನ್ನು ಕೊಂಡವರು ಬೆಳಗಾವಿಯ ಬ್ಯಾಂಕ್ ಮ್ಯಾನೇಜರರು. ಪಾಲಿಶ್ ಮಾಡಿದ ಬೂಟು, ಅಳೆದು ಒತ್ತುವ ಕಾಲು. ಸೀಟುಗಳ ಮೇಲಿನ ಪ್ಲಾಸ್ಟಿಕ್ಕನ್ನು ಆರು ವರ್ಷ ತೆಗೆಯಲಿಲ್ಲ. ಭಾನುವಾರ ಗುಡಿಗೆ ಹೋಗುವುದು, ಬರುವುದು, ಬಟ್ಟೆ ಹೊದಿಸಿ ನಿಲ್ಲಿಸುವುದು. ನನಗೆ ವಯಸ್ಸಾಯಿತೇ ಹೊರತು ಊರು ಕಾಣಲಿಲ್ಲ. ಆಮೇಲೆ ಹುಬ್ಬಳ್ಳಿಯ ಹೊಸ ದಂಪತಿಗಳ ಕೈಗೆ ಬಂದೆ. ಬಂದ ದಿನವೇ ಪ್ಲಾಸ್ಟಿಕ್ ಹರಿದು ಎಸೆದರು. ಸೀಟಿನ ಸಂದಿಯಲ್ಲೆಲ್ಲ ಗಿರ್‌ಮಿಟ್ಟಿನ ಚುರುಮುರಿ ತುಂಬಿತು. ಜಗಳವಾದಾಗ ಬಾಗಿಲು ಬಡಿಯುತ್ತಿದ್ದರು, ರಾಜಿಯಾದಾಗ ಗಾಜು ಏರಿಸಿಕೊಳ್ಳುತ್ತಿದ್ದರು. ನನ್ನ ಬಲಗಡೆಯ ಗಾಜು ಸಡಿಲಾದದ್ದು ಹಾಗೆ. ಅವಳಿ ಮಕ್ಕಳು ಹುಟ್ಟಿದ ಮೇಲೆ ಅವರಿಗೆ ದೊಡ್ಡ ಗಾಡಿ ಬೇಕಾಯಿತು. ನಾನು ಗದಗಿನಲ್ಲಿ, ಹಳೇ ಗಾಡಿ ಮಾರುವ ಒಂದು ಅಂಗಡಿಯ ಬಯಲಿಗೆ ಬಂದು ನಿಂತೆ.

ಅಲ್ಲಿ ಎಷ್ಟೋ ಕಾಲುಗಳು ಬಂದವು. ಟೈರು ಒದ್ದು ನೋಡಿ ಹೋದವು. ಗಾಡಿ ಪರೀಕ್ಷೆ ಮಾಡಲು ಟೈರು ಯಾಕೆ ಒದೆಯುತ್ತಾರೋ ನನಗೆ ಇಂದಿಗೂ ಗೊತ್ತಿಲ್ಲ.

ಆಷಾಢ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ಟೈರು ಒದೆಯಲಿಲ್ಲ. ಬಾಗಿಲು ತೆರೆದು, ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಕೂತಳು.

"ಅಕ್ಕಾರ, ಇದು ಗುಡಿ ಅಲ್ರಿ," ಎಂದು ಅಂಗಡಿಯವನು ನಕ್ಕ.

"ಹೌದಪಾ. ಆದ್ರ ಚಪ್ಪಲಿ ಹಾಕ್ಕೊಂಡ್ರ ಕ್ಲಚ್ಚು ನನಗ ತಿಳಿಯೂದಿಲ್ಲ," ಎಂದಳು ಆಕೆ.

ಬೆಳ್ಳಿಯ ಕಾಲುಂಗುರ ನನ್ನ ಕ್ಲಚ್ಚಿಗೆ ತಾಗಿ 'ಟಿಣ್' ಎಂದಿತು. ಹಾಗೆ ಯಾರೂ ನನ್ನನ್ನು ಮಾತನಾಡಿಸಿರಲಿಲ್ಲ.

ಆಕೆಯ ಹೆಸರು ಶಾಂಭವಿ. ವಯಸ್ಸು ಐವತ್ತೆರಡು, ಬೆಟಗೇರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಜೊತೆಗಿದ್ದವನು ಗಂಡ ಈರಣ್ಣ. ಸೊಸೈಟಿಯಲ್ಲಿ ನೌಕರಿ, ಸ್ವಭಾವ ಒಳ್ಳೆಯದು, ಆದರೆ ಬಿಸಿಲು ಬಿದ್ದರೂ ಕೊಡೆ ಹಿಡಿದು ಹೊರಡುವ ಜೀವ. ಅವನು ಅಂಗಡಿಯವನಿಂದ ಒಂದು ಚೀಟಿ ಬರೆಸಿಕೊಂಡ: ಎಂಟು ದಿನ ಓಡಿಸಿ ನೋಡುವುದು, ಮನಸ್ಸಿಗೆ ಬರದಿದ್ದರೆ ಗಾಡಿ ವಾಪಸ್. ಎಂಟನೆಯ ದಿನ ನಾಗರ ಪಂಚಮಿ.

ಶಾಂಭವಿಗೆ ನಾನು ಬೇಕಾಗಿದ್ದೆ. ಎಷ್ಟು ಬೇಕಾಗಿದ್ದೆ ಎಂಬುದು ಆಕೆ ಬಾಯಿಬಿಟ್ಟು ಹೇಳಿದ್ದಲ್ಲ, ಕಾಲು ಹೇಳಿದ್ದು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಕೆಯನ್ನು ಯಾರಾದರೂ ಒಯ್ಯುತ್ತಲೇ ಇದ್ದರು. ತವರಿಗೆ ಅಣ್ಣ, ಮದುವೆ ಮುಂಜಿಗೆ ಗಂಡ, ಶಾಲೆಗೆ ಬಸ್ಸು. ಈ ಬೇಸಿಗೆ ರಜೆಯಲ್ಲಿ ತಾನೇ ಹೋಗಿ ಗಾಡಿ ಓಡಿಸುವುದನ್ನು ಕಲಿತಿದ್ದಳು. ಸಂಜೆ ಅಡುಗೆ ಮುಗಿಸಿ ಬಂದು ಆಕೆ ನನ್ನೊಳಗೆ ಸುಮ್ಮನೆ ಕೂರುತ್ತಿದ್ದಳು. ಕೀಲಿ ತಿರುಗಿಸುತ್ತಿರಲಿಲ್ಲ. ಮಲಗಿದ ಮಗುವಿನ ಬೆನ್ನ ಮೇಲೆ ಕೈ ಇಟ್ಟ ಹಾಗೆ ಬಲಗಾಲನ್ನು ನನ್ನ ಪೆಡಲಿನ ಮೇಲೆ ಹಗುರವಾಗಿ ಇಟ್ಟಿರುತ್ತಿದ್ದಳು.

ಆದರೆ ನಾನು? ಆ ಎಂಟು ದಿನ ನೆನೆದರೆ ನನಗೀಗಲೂ ನಾಚಿಕೆ.

ಮೊದಲ ದಿನವೇ, ಸರ್ಕಲ್ಲಿನಲ್ಲಿ ಎಡಕ್ಕೆ ಹೊರಳಿದಾಗ ನನ್ನ ಹಾರ್ನು ತಾನೇ ಕೂಗಿತು. ಬಲಕ್ಕೆ ಹೊರಳಿದರೆ ಸುಮ್ಮನಿರುತ್ತಿತ್ತು, ಎಡಕ್ಕೆ ಹೊರಳಿದರೆ ಪೊಂ. ರಸ್ತೆಯವರೆಲ್ಲ ತಿರುಗಿ ನೋಡಿದರು. ಶಾಂಭವಿ ಒಬ್ಬೊಬ್ಬರಿಗೂ "ನಿಮಗಲ್ರಿ, ನಿಮಗಲ್ರಿ," ಎಂದು ಕೈ ಆಡಿಸುತ್ತ ಮನೆ ಮುಟ್ಟಿಸಿದಳು. ಪಕ್ಕದ ಸೀಟಿನಲ್ಲಿ ಈರಣ್ಣ ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಎರಡೂ ಕಾಲಿಂದ ಒತ್ತುತ್ತಿದ್ದ.

ಮನೆಯ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದವಳು ಬಸಲಿಂಗವ್ವ, ಈರಣ್ಣನ ತಾಯಿ. ಎಪ್ಪತ್ತೆಂಟರ ಮುದುಕಿ. ನನ್ನ ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಳು, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಸವರಿದಳು. "ನಮ್ಮಣ್ಣನ ಎತ್ತು ಹಿಂಗ ಇತ್ತು ನೋಡ. ಬೆಳ್ಳಗ, ಬೆಚ್ಚಗ. ಮಲ್ಯಾ ಅಂತಿದ್ವಿ." ಆ ಹೊತ್ತಿನಿಂದ ನನ್ನ ಹೆಸರು ಮಲ್ಯಾ.

ಬಸಲಿಂಗವ್ವನ ತವರು ಬೇವಿನಕಟ್ಟಿ, ಗದಗಿನಿಂದ ಮೂವತ್ತೈದು ಕಿಲೋಮೀಟರು. ಪ್ರತಿ ಪಂಚಮಿಗೆ ಅಣ್ಣ ಬಂಡಿ ಕಟ್ಟಿಕೊಂಡು ಕರೆಯಲು ಬರುತ್ತಿದ್ದ. ಅಣ್ಣ ತೀರಿ ಹನ್ನೊಂದು ವರ್ಷ. ಅವನ ಮಕ್ಕಳು ಒಳ್ಳೆಯವರೇ, ಪ್ರತಿ ವರ್ಷ ಫೋನು ಮಾಡುತ್ತಿದ್ದರು. ಮುದುಕಿಗೆ ಅದು ಒಪ್ಪುತ್ತಿರಲಿಲ್ಲ. "ಬಾಗಿಲಿಗೆ ಬಂದು ಕರೀಬೇಕು. ಫೋನಿನಾಗ ಕರಿಯೂದು ಅದೇನ ಕರಿಯೂದು?" ಎಂದು ಹನ್ನೊಂದು ಪಂಚಮಿ ಮನೆಯಲ್ಲೇ ಕಳೆದಿದ್ದಳು. ಯಾರು ಎಷ್ಟು ಹೇಳಿದರೂ ಜಗ್ಗಲಿಲ್ಲ.

ಶಾಂಭವಿ ಅಂದೇ ಹೇಳಿಬಿಟ್ಟಳು: "ಅತ್ತಿ, ಮಲ್ಯಾ ಬಾಗಿಲಿಗೆ ಬಂದು ನಿಂತಾನಲ್ರಿ. ಪಂಚಮಿಗೆ ನಿಮ್ಮನ್ನ ಕರಕೊಂಡು ಹೋಗಾಕ ನಿಮ್ಮಣ್ಣನ ಕಳಿಸ್ಯಾನಂತ ತಿಳಕೋರಿ."

ಮುದುಕಿ ಒಳಗೆ ಹೋಗಿ ಟ್ರಂಕು ತೆರೆದ ಸದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು.

ಎರಡನೆಯ ದಿನ ನನ್ನ ಬಲಗಡೆಯ ಗಾಜು ಬಾಗಿಲೊಳಗೆ ಸರಕ್ಕನೆ ಇಳಿದುಹೋಯಿತು. ಶಾಂಭವಿ ಮೇಲೆತ್ತಿ, ದಿನಪತ್ರಿಕೆ ಮಡಚಿ ಸಂದಿಗೆ ಸಿಕ್ಕಿಸಿದಳು. ಮೂರನೆಯ ದಿನ ಶಾಲೆಯ ಮುಂದೆ ನಾನು ಚಾಲೂ ಆಗಲಿಲ್ಲ. ನಾಲ್ವರು ಟೀಚರುಗಳು ಸೆರಗು ಸಿಕ್ಕಿಸಿಕೊಂಡು ನನ್ನನ್ನು ನೂಕಿದರು. ನೂಕಿದ್ದಕ್ಕಿಂತ ನಕ್ಕಿದ್ದು ಹೆಚ್ಚು. ಐದನೆಯ ದಿನ ಕಡುಬಿಸಿಲಿನಲ್ಲಿ ನನ್ನ ವೈಪರು ತಾನಾಗಿ ಆಡತೊಡಗಿತು.

ಪ್ರತಿ ಸಲವೂ ಬಂದವನು ಮಕ್ತುಂಸಾಬ. ಓಣಿಯ ಕೊನೆಯಲ್ಲಿ ಗ್ಯಾರೇಜಿಟ್ಟಿದ್ದ. ಶಾಂಭವಿಯ ಕೈಯಲ್ಲೇ ನಾಲ್ಕನೆಯ ಇಯತ್ತೆ ಕಲಿತವನು.

"ಅಕ್ಕಾರ, ಏಳರ ಮಗ್ಗಿ ಬರಲಿಲ್ಲಂತ ನನ್ನ ಬೆಂಚಿನ ಮ್ಯಾಲ ನಿಲ್ಲಿಸಿದ್ರಿ, ನೆನಪೈತೇನ್ರಿ?" ಎಂದು ಮೂರನೆಯ ದಿನ ಬಾನೆಟ್ಟು ಎತ್ತಿದ. "ಈಗ ನನ್ನ ಪಾಳಿ. ಹೇಳ್ರಿ, ಇದೇನು?"

"ಬ್ಯಾಟರಿ."

"ಮ್ಯಾಲ ಹಸರು ಬೂಷ್ಟ ಬಂದೈತಲ್ಲ, ಅದಕ್ಕೇನು ಮಾಡಬೇಕು?"

ಆಕೆಗೆ ಗೊತ್ತಿರಲಿಲ್ಲ. ಅವನು ತಂತಿ ಬಿಚ್ಚಿ, ಬಿಸಿನೀರು ತರಿಸಿ, ಆಕೆಯ ಕೈಯಿಂದಲೇ ಸುರಿಸಿದ. ಬೂಷ್ಟು ಕರಗಿ ಹರಿಯಿತು. ಆಕೆ ಉಜ್ಜಿ, ವ್ಯಾಸಲೀನು ಸವರಿ, ತಂತಿಯನ್ನು ತಾನೇ ಬಿಗಿದಳು. ಕೀಲಿ ತಿರುಗಿಸಿದಾಗ ನಾನು ಒಂದೇ ಮಾತಿಗೆ ಎದ್ದೆ. ಎಷ್ಟು ಭಾಂಡೆ ತೊಳೆದ ಕೈ ಅದು, ಎಷ್ಟು ಪುಸ್ತಕ ತಿದ್ದಿದ ಕೈ. ಆದರೆ ನಿಂತುಹೋದದ್ದನ್ನು ಓಡಿಸಿದ್ದು ಅಂದೇ ಮೊದಲು. ಆಕೆ ಕರಿ ಹತ್ತಿದ ಬೆರಳುಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು, ಮೆಹಂದಿ ನೋಡಿಕೊಂಡ ಹಾಗೆ.

ವೈಪರೂ ಸರಿಹೋಯಿತು. ಗಾಜಿನ ಮತ್ತು ಹಾರ್ನಿನ ಸಾಮಾನು ಮಾತ್ರ ಹುಬ್ಬಳ್ಳಿಯಿಂದ ಬರಬೇಕಿತ್ತು, ಅದೂ ಹಬ್ಬದ ಮೇಲೆ.

ಈರಣ್ಣ ದಿನಾ ಸಂಜೆ ಚೀಟಿ ತೆಗೆದು ನೋಡುತ್ತಿದ್ದ. ಏಳನೆಯ ದಿನ ಹೇಳಿದ: "ನೋಡ, ಅವ್ವನ್ನ ತವರಿಗೆ ಕರಕೊಂಡು ಹೋಗೂಣು. ಹಾದ್ಯಾಗ ಇನ್ನೊಂದು ತಕರಾರು ಬಂತಂದ್ರ, ಸಂಜಿಮುಂದ ಸೀದಾ ಅಂಗಡಿಗೆ ಹೋಗಿ ಬಿಟ್ಟು ಬರೂದು."

"ಆತ್ರಿ," ಎಂದಳು ಶಾಂಭವಿ. ಆದರೆ ಆಕೆಯ ಬರಿಗಾಲು ನನ್ನ ಕ್ಲಚ್ಚನ್ನು ಕೊನೆಯವರೆಗೆ ಒತ್ತಿ ಹಿಡಿಯಿತು.

ಅಂದು ರೊಟ್ಟಿ ಪಂಚಮಿ, ನಾಗರ ಪಂಚಮಿಯ ಹಿಂದಿನ ದಿನ. ಸಂಜೆ ಮಕ್ತುಂಸಾಬ ಬಂದು ನನ್ನನ್ನು ಚಾಲೂ ಮಾಡಿ, ಎಣ್ಣೆ ನೀರು ನೋಡಿದ. ರೊಟ್ಟಿ ಬುತ್ತಿ ತಿನ್ನಲು ಒಳಗೆ ಕರೆದರೆಂದು ಬಾನೆಟ್ಟು ತೆರೆದೇ ಹೋದ. ಆಗ ಬಸಲಿಂಗವ್ವ ಗೋಡೆ ಹಿಡಿದುಕೊಂಡು ಹೊರಬಂದಳು. ಅತ್ತಿತ್ತ ನೋಡಿದಳು. ಸೊಂಟದಿಂದ ಕರಿ ಬಟ್ಟೆಯ ಒಂದು ಗಂಟು ತೆಗೆದು, ನನ್ನ ಎಂಜಿನ್ನಿನ ಮಗ್ಗುಲಲ್ಲಿ, ಬಿಸಿ ಕಬ್ಬಿಣದ ಸಂದಿಯಲ್ಲಿ ಇಟ್ಟಳು. "ಓಣಿಯವರ ಕಣ್ಣು ಕೆಟ್ಟದ್ದು, ಮಲ್ಯಾ. ದಿನಾ ಒಂದು ಜಡ್ಡು ಬರಾಕತ್ತೈತಿ ನಿನಗ," ಎಂದು ಮೂರು ಸಲ ನಿವಾಳಿಸಿ ಒಳಗೆ ಹೋದಳು.

ನಾನು ಕೂಗಿ ಹೇಳೋಣವೆಂದರೆ ನನ್ನ ಬಾಯಿ ಇದ್ದದ್ದು ಎಡಕ್ಕೆ ಹೊರಳಿದಾಗ ಮಾತ್ರ.

ಪಂಚಮಿಯ ಬೆಳಿಗ್ಗೆ ಬಸಲಿಂಗವ್ವ ಟ್ರಂಕಿನ ಹಸಿರು ಇಳಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಡಬ್ಬಿಗಳು. ಹದಿನೈದು ಕಿಲೋಮೀಟರು ಚೆನ್ನಾಗಿ ಹೋದೆವು. ಎರಡೂ ಬದಿಗೆ ಕರಿ ಎರೆಹೊಲ, ಕಾಯಿ ಕಪ್ಪಾಗುತ್ತಿದ್ದ ಹೆಸರಿನ ಬೆಳೆ. ಮುದುಕಿ ಪ್ರತಿ ಊರನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು.

ಆಮೇಲೆ ಈರಣ್ಣ ಸೀನಿದ. ಶಾಂಭವಿ ಸೀನಿದಳು. ಮೂವರಿಗೂ ಕೆಮ್ಮು ಹತ್ತಿತು, ಕಣ್ಣಲ್ಲಿ ನೀರು. ನನ್ನ ಬಾನೆಟ್ಟಿನ ಅಂಚಿನಿಂದ ಸಣ್ಣಗೆ ಹೊಗೆ.

ಶಾಂಭವಿ ನನ್ನನ್ನು ಬದಿಗೆ ನಿಲ್ಲಿಸಿದಳು. ಎಲ್ಲರೂ ಇಳಿದರು.

"ಮುಗೀತು. ಎಂಜಿನ್ನ ಸುಟ್ಟಿತು," ಎಂದ ಈರಣ್ಣ ಕಣ್ಣೊರೆಸಿಕೊಳ್ಳುತ್ತ. ಜೇಬಿನಿಂದ ಚೀಟಿ ತೆಗೆದ. "ಇನ್ನ ನೀ ಏನೂ ಹೇಳಬ್ಯಾಡ."

ಶಾಂಭವಿ ರಸ್ತೆಯ ಕಲ್ಲಿನ ಮೇಲೆ ಕೂತು ತನ್ನ ಬರಿಗಾಲುಗಳನ್ನು ನೋಡುತ್ತಿದ್ದಳು. ಬಸಲಿಂಗವ್ವ ಮಾತ್ರ ಕೆಮ್ಮುತ್ತ ಕೆಮ್ಮುತ್ತ ಮುಖ ಅರಳಿಸಿ ನಿಂತಿದ್ದಳು.

"ಘಾಟ ಹೆಂಗ ಹತ್ತೈತಿ ನೋಡ್ರಿ," ಎಂದಳು. "ಘಾಟ ಹತ್ತಿತಂದ್ರ ದೃಷ್ಟಿ ಆಗಿಲ್ಲಂತ ಲೆಕ್ಕ. ದೃಷ್ಟಿ ಆಗಿದ್ರ ಮೆಣಸಿನಕಾಯಿ ಸುಟ್ಟರೂ ವಾಸನಿ ಬರ್ತಿದ್ದಿಲ್ಲ. ನಮ್ಮ ಮಲ್ಯಾಗ ಏನೂ ಆಗಿಲ್ಲ."

ಶಾಂಭವಿ ನಿಧಾನಕ್ಕೆ ತಲೆ ಎತ್ತಿದಳು. "ಯಾವ ಮೆಣಸಿನಕಾಯಿರೀ, ಅತ್ತಿ?"

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಎಂಜಿನ್ನು ಆರುವವರೆಗೆ ಕಾದು, ಶಾಂಭವಿ ತಾನೇ ಬಾನೆಟ್ಟು ಎತ್ತಿದಳು. ಕಡ್ಡಿಯಿಂದ ಗಂಟನ್ನು ಎತ್ತಿ ಹೊರಹಾಕಿದಳು. ಉಪ್ಪು, ಸಾಸಿವೆ, ಸುಟ್ಟು ಕರಿದಾದ ಏಳು ಬ್ಯಾಡಗಿ ಮೆಣಸಿನಕಾಯಿ. ನನ್ನ ಮೈಯಲ್ಲಿ ಮತ್ತೇನೂ ಸುಟ್ಟಿರಲಿಲ್ಲ.

"ಯವ್ವಾ, ಎಂಜಿನ್ನಿಗೆ ಒಗ್ಗರಣಿ ಹಾಕೀಯಲ್ಲ," ಎಂದ ಈರಣ್ಣ.

"ನೀ ವಾಪಸ್ ಕೊಡತೀನಿ ಅಂದಿದ್ದಕ್ಕ ಹಾಕೇನಿ," ಎಂದಳು ಮುದುಕಿ, ಸಣ್ಣ ದನಿಯಲ್ಲಿ. "ಆಕಿ ದಿನಾ ಸಂಜಿಮುಂದ ಅದರಾಗ ಕುಂದರತಾಳ. ಆವಾಗ ಆಕಿ ಮುಖ ನೋಡಿಯೇನು ನೀನು? ನಾ ಕಿಡಕ್ಯಾಗ ನಿಂತು ನೋಡತೇನಿ."

ಈರಣ್ಣ ಚೀಟಿ ಮಡಚಿ ಜೇಬಿಗೆ ಇಟ್ಟ. ಆಮೇಲೆ ಶಾಂಭವಿ ನಕ್ಕಳು. ಕಣ್ಣಲ್ಲಿ ಮೊದಲೇ ನೀರಿತ್ತಾದ್ದರಿಂದ ಅದು ಘಾಟಿನದೋ ಬೇರೆಯದೋ ಯಾರೂ ಕೇಳಲಿಲ್ಲ. ಈರಣ್ಣನೂ ನಕ್ಕ. ನಗುತ್ತ ಮತ್ತೆ ಸೀನಿದ.

ಬೇವಿನಕಟ್ಟಿಗೆ ಹೋಗಲು ದೊಡ್ಡ ರಸ್ತೆಯಿಂದ ಎಡಕ್ಕೆ ಹೊರಳಬೇಕು. ಶಾಂಭವಿ ಸ್ಟೇರಿಂಗು ತಿರುಗಿಸಿದಳು, ನಾನು ಎದೆ ತುಂಬಿ ಕೂಗಿದೆ. ಊರ ಮುಂದಿನ ಆಲದ ಮರಕ್ಕೆ ಕಟ್ಟಿದ ಜೋಕಾಲಿ ನಿಂತಿತು. ಜೀಕುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. "ಬಸಲಿಂಗತ್ತಿ ಬಂದ್ಲು," ಎಂದು ಯಾರೋ ಅಂದರು. ಅಣ್ಣನ ಸೊಸೆಯಂದಿರು ಕಾಲಿಗೆ ನೀರು ತಂದರು. ಹನ್ನೊಂದು ವರ್ಷದ ಮೇಲೆ ತವರಿನ ನೆಲಕ್ಕೆ ಇಳಿದ ಆ ಪಾದ ನನ್ನ ಬಾಗಿಲ ಅಂಚಿನಲ್ಲಿ ಒಂದು ಗಳಿಗೆ ತಡೆದು ನಿಂತದ್ದು ನನಗೆ ಮಾತ್ರ ಗೊತ್ತು.

"ಆ ಹಾರ್ನು ರಿಪೇರಿ ಮಾಡಸಬ್ಯಾಡ ನೋಡವಾ," ಎಂದಳು ಮುದುಕಿ ಸೊಸೆಗೆ. "ತವರಿಗೆ ಬಂದಾಗ ಹಿಂಗ ಕೂಗಿ ಹೇಳೂ ಮಂದಿ ಬೇಕು."

ಸಂಜೆ ತಿರುಗಿ ಹೊರಟಾಗ ಜಿಟಿಜಿಟಿ ಮಳೆ. ದಿನಪತ್ರಿಕೆ ನೆನೆದು ಹರಿದು, ಬಲಗಡೆಯ ಗಾಜು ಮತ್ತೆ ಇಳಿಯಿತು. ಶಾಂಭವಿ ಗಂಡನ ಮುಂದೆ ಕೈ ಚಾಚಿದಳು.

"ಆ ಚೀಟಿ ಕೊಡ್ರಿ."

ಅವನು ಕೊಟ್ಟ. ಆಕೆ ಅದನ್ನು ನಾಲ್ಕು ಮಡಿಕೆ ಮಾಡಿ ಗಾಜಿನ ಸಂದಿಗೆ ಒತ್ತಿದಳು. ಗಾಜು ನಿಂತಿತು.

"ಅಲ್ಲ, ಅದು ವಾಪಸ್ ಕೊಡೂ ಚೀಟಿ..."

"ಹೌದ್ರಿ. ಅಳತಿಗೆ ಸರಿಯಾಗಿ ಕೂತೈತಿ," ಎಂದಳು ಶಾಂಭವಿ. ಗದಗಿನ ಸರ್ಕಲ್ಲಿನಲ್ಲಿ ಬಲಕ್ಕೆ ಹೋದರೆ ಅಂಗಡಿ, ಎಡಕ್ಕೆ ಮನೆ. ನಾನು ಕೂಗಿದೆ.

ಈರಣ್ಣ ಅಂದು ದಾರಿಯುದ್ದಕ್ಕೂ ಒಮ್ಮೆಯೂ ಆ ಇಲ್ಲದ ಬ್ರೇಕು ಒತ್ತಿರಲಿಲ್ಲ.

ಹನ್ನೆರಡು ಪಂಚಮಿ ಹಾಗೆ ಹೋದೆವು. ಬಸಲಿಂಗವ್ವ ಎಂಟು ಪಂಚಮಿಗೆ ನನ್ನಲ್ಲಿ ಕೂತಳು. ಆಕೆ ಹೋದ ಮೇಲೂ ಓಣಿಯಲ್ಲಿ ಕರೆಯುವವರಿಲ್ಲದ ಹೆಂಗಸರು ಎಷ್ಟೋ ಇದ್ದರು. ಶಾಂಭವಿ ಒಬ್ಬೊಬ್ಬರ ಬಾಗಿಲಿಗೂ ನನ್ನನ್ನು ಒಯ್ದು ನಿಲ್ಲಿಸುತ್ತಿದ್ದಳು. ನನಗೆ ಎಷ್ಟು ತವರುಗಳೋ, ಲೆಕ್ಕವಿಲ್ಲ.

ಈಗ ನನಗೆ ಓಡುವ ಪರವಾನಗಿ ಇಲ್ಲ. ಗುಜರಿಯವನು ಎರಡು ಸಲ ಬಂದಿದ್ದ, ಶಾಂಭವಿ ಕೊಡಲಿಲ್ಲ, ಅತ್ತೆಯ ತವರಿಗೆ ತಂದು ಬಿಟ್ಟಳು. ಬೇವಿನಕಟ್ಟಿಯ ಆಲದ ಮರದ ಮಗ್ಗುಲಲ್ಲಿ ನಿಂತಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಬ್ಯಾಟರಿ ಎಂದೋ ತೆಗೆದರು. ಗಾಜಿನ ಸಂದಿಯ ಚೀಟಿ ಮಾತ್ರ ಹಾಗೇ ಇದೆ, ಅಕ್ಷರ ಅಳಿಸಿದೆ.

ಮಕ್ಕಳು ದಿನವೂ ಬಂದು ಕೂರುತ್ತಾರೆ. ಯಾರು ಕಲಿಸಿದರೋ, ಎಲ್ಲರೂ ಚಪ್ಪಲಿಯನ್ನು ಹೊರಗೆ ಬಿಟ್ಟೇ ಹತ್ತುತ್ತಾರೆ. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದಾಗ ಸುಮ್ಮನಿರುತ್ತಾರೆ. ಎಡಕ್ಕೆ ತಿರುಗಿಸಿದಾಗ ಎಲ್ಲರೂ ಒಟ್ಟಿಗೆ 'ಪೊಂ' ಎಂದು ಕೂಗುತ್ತಾರೆ. ಆಗ ಕಟ್ಟೆಯ ಮೇಲೆ ಕೂತ ಮುದುಕಿಯರು ಮಾತು ನಿಲ್ಲಿಸಿ ರಸ್ತೆಯ ಕಡೆ ನೋಡುತ್ತಾರೆ, ಯಾರ ಮಗಳು ಬಂದಳೋ ಎಂದು.