ನಾಗಿ ನಡೆದು ನೋಡಿದ ಬನವಾಸಿ

ಮೋಟಾರು ಹತ್ತುವಾಗ ಚಪ್ಪಲಿ ಕಳಚಿಡುವವರನ್ನು ಕಂಡರೆ ಜಹಾಂಗೀರನಿಗೆ ಮೈಯೆಲ್ಲ ಉರಿ. ಶಿರಸಿಯಿಂದ ಬನವಾಸಿಗೆ ಸರ್ವಿಸ್ ಮೋಟಾರು ಓಡಿಸುವವನು ಅವನು. ಗಾಡಿಯ ಮೂತಿಗೆ ಹೂಮಾಲೆ, ಕುಂಕುಮ ಕಂಡರೆ ಸಾಕು, ಹಳ್ಳಿಯವರು ಗುಡಿಯ ಬಾಗಿಲಿಗೆ ಬಂದವರಂತೆ ಚಪ್ಪಲಿ ಕೆಳಗೇ ಬಿಟ್ಟು ಹತ್ತುತ್ತಾರೆ. ಬನವಾಸಿಯಲ್ಲಿ ಇಳಿದು ನೆಲದ ಮೇಲೆ ಚಪ್ಪಲಿ ಹುಡುಕುತ್ತಾರೆ. ಅದಕ್ಕೇ ಹೊರಡುವ ಮುಂಚೆ ಒಂದು ಸುತ್ತು ಬಂದು, ಬೈದು ಮೆಟ್ಟಿಸುವುದು ಅವನ ರೂಢಿ. ಅವತ್ತು ಮಾತ್ರ ಹಲಸಿನಹಣ್ಣನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದವನೊಬ್ಬನ ಜೊತೆ ಜಗಳವಾಡುವುದರಲ್ಲಿ ಆ ಸುತ್ತು ತಪ್ಪಿತು.

ಹಾಗೆ ಚಪ್ಪಲಿ ಬಿಟ್ಟು ಹತ್ತಿದವಳು ನಾಗಿ. ಅವಳ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಮದುವೆ, ಮುಂಜಿ ಎಲ್ಲಿಗೆ ಹೋದರೂ ಗಂಡ ಕೆರಿಯ ಬೆನ್ನ ಮೇಲೆ ಹೊತ್ತೊಯ್ಯುತ್ತಿದ್ದ. ಅವನಿಗೆ ಬೇಸರವಿರಲಿಲ್ಲ, ಅವಳಿಗಿತ್ತು. ಬನವಾಸಿ ಹಿಂದೆ ರಾಜರು ಆಳಿದ ಊರಂತೆ, ಅದೊಂದನ್ನಾದರೂ ನನ್ನ ಕಾಲಲ್ಲೇ ತಿರುಗಿ ನೋಡಬೇಕು ಎಂದು ಗಂಡನ ಜೀವ ತಿಂದು, ಎಡಗಾಲಿಗೆ ದಪ್ಪ ಅಟ್ಟೆ ಇಟ್ಟ ಚಪ್ಪಲಿ ಹೊಲಿಸಿಕೊಂಡಿದ್ದಳು. ಅಂಗಳದಲ್ಲಿ ನಡೆದು ನಡೆದು ಅಭ್ಯಾಸವೂ ಆಗಿತ್ತು.

ಬನವಾಸಿಯಲ್ಲಿ ಇಳಿಯುವಾಗಲೇ ಅವಳಿಗೆ ಶಿರಸಿಯಲ್ಲಿ ಬಿಟ್ಟ ಚಪ್ಪಲಿ ನೆನಪಾದದ್ದು. ಕೆರಿಯ ಎಂದಿನಂತೆ ಬೆನ್ನು ಬಗ್ಗಿಸಿದ. ನಾಗಿ ಮೋಟಾರಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು.

“ನೀ ಹೋಗಿ ನೋಡ್ಕಂಡು ಬಾ. ಹೊತ್ಕಂಡು ಹೋಗೂದಾದ್ರೆ ನಂಗೆ ಈ ಊರೇ ಬ್ಯಾಡ” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಬೈಯಲೆಂದೇ ಬಂದ ಜಹಾಂಗೀರ್ ಅವಳ ಕಾಲು ನೋಡಿದ. ಒಂದು ನೆಲದ ಮೇಲಿತ್ತು, ಇನ್ನೊಂದು ನೆಲ ಮುಟ್ಟಿರಲಿಲ್ಲ. ಅವನಿಗೆ ಪಾಪ ಅನಿಸಿತು. ಸೀಟಿನ ಕೆಳಗಿಂದ ಹಳೆಯ ಟಯರಿನ ತುಂಡು ಎಳೆದು, ಪದರದ ಮೇಲೆ ಪದರ ಇಟ್ಟು ಮೊಳೆ ಹೊಡೆದ. ಅವಳನ್ನು ನಿಲ್ಲಿಸಿ ನೋಡಿ, ಹೆಚ್ಚಾದದ್ದನ್ನು ಚೂರಿಯಿಂದ ಸವರಿ, ಟ್ಯೂಬಿನ ಪಟ್ಟಿಯಿಂದ ಪಾದಕ್ಕೆ ಬಿಗಿದ. ಬಾಯಿ ಮಾತ್ರ ಸುಮ್ಮನಿರಲಿಲ್ಲ. ಮೋಟಾರೇನು ಮಧುಕೇಶ್ವರನ ಗುಡಿಯೇ, ಬರಿಗಾಲಲ್ಲಿ ಹತ್ತುವುದಕ್ಕೆ ಎಂದು ಬೈಯುತ್ತಲೇ ಇದ್ದ.

ನಾಗಿ ನಡೆದಳು. ಬೀದಿ ದಾಟಿ, ಹಳೇ ಕೋಟೆಯ ದಿಬ್ಬ ಹತ್ತಿಳಿದು, ವರದಾ ಹೊಳೆಯ ನೀರಿನವರೆಗೂ ಹೋದಳು. ಬೀಳುತ್ತಾಳೆಂದು ಹಿಂದೆಯೇ ಕೈ ಚಾಚಿಕೊಂಡು ಬರುತ್ತಿದ್ದ ಕೆರಿಯನನ್ನು ಗದರಿಸಿ ಮುಂದೆ ಕಳಿಸಿದಳು. ಗುಡಿಯ ಬಾಗಿಲಲ್ಲಿ ಟಯರು ಬಿಚ್ಚಿಟ್ಟು, ಒಳಗೆ ಕಂಬದಿಂದ ಕಂಬಕ್ಕೆ ಕೈ ಊರಿಕೊಂಡು ಹೋಗಿ ನಂದಿಯ ಮುಂದೆ ನಿಂತಳು. ಅದರ ಒಂದು ಕಣ್ಣು ಸ್ವಾಮಿಯ ಮೇಲೆ, ಇನ್ನೊಂದು ಅಮ್ಮನವರ ಮೇಲೆ ಎಂದು ಅಲ್ಲಿದ್ದವರು ತೋರಿಸಿದರು. ನಿನ್ನ ಎರಡೂ ಕಣ್ಣು ನನ್ನ ಕಾಲ ಮೇಲೇ ಇದೆಯಲ್ಲ ಎಂದು ಅವಳು ಗಂಡನನ್ನು ಛೇಡಿಸಿದಳು. ಕೆರಿಯನಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು.

ಮೋಟಾರು ವಾಪಸ್ಸು ಹೊರಡುವ ಹೊತ್ತಿಗೆ ಅವಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಆದರೂ ಮುಖದಲ್ಲಿ ಸಂತೋಷ ತುಂಬಿತ್ತು. ಬಾಗಿಲ ಬಳಿ ಬಂದವಳೇ ಗಾಡಿಯ ಮೂತಿಯ ಹೂಮಾಲೆಗೆ ಕೈ ಮುಗಿದು, ಬಗ್ಗಿ ಕಾಲಿನ ಪಟ್ಟಿ ಬಿಚ್ಚತೊಡಗಿದಳು.

ಜಹಾಂಗೀರ್ ಈ ಸಲ ಬೈಯಲಿಲ್ಲ.

“ಹಾಕ್ಕಂಡೇ ಹತ್ತಮ್ಮ” ಎಂದ. “ಅದೂ ಮೋಟಾರಿಂದೇ ಕಾಲು.”